ಸಮರ್ಟನ್ನಿನ ಶಾಲಾವಲಯ

ಒಂದು ದೇಶದ ವಿದ್ಯಾಭ್ಯಾಸದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ವಿಶ್ವವಿದ್ಯಾಲಯಗಳಿಂದಲೂ ದೊಡ್ಡ ದೊಡ್ಡ ಆಯೋಗಗಳ ವರದಿಗಳಿಂದಲೂ ಆರಂಭಿಸುವುದುಂಟು. ಅದು ತಪ್ಪಲ್ಲ. ಆದರೆ ವಿದ್ಯೆಯು ಬಡವನ ಮಗುವಿನ ಬಾಗಿಲಿಗೆ ಬಂದಿತೆ, ಇಲ್ಲವೆ ಎಂಬುದನ್ನು ತಿಳಿಯಬೇಕಾದರೆ ಯಾವುದಾದರೊಂದು ಸಣ್ಣ ಊರಿನ ಶಾಲೆಯ ಜಮಾಖರ್ಚನ್ನು ನೋಡಬೇಕು. ಆ ಊರಿನ ಮಕ್ಕಳು ಬೆಳಿಗ್ಗೆ ಯಾವ ದಾರಿಯಿಂದ, ಎಷ್ಟು ದೂರ ನಡೆದು ಶಾಲೆಯನ್ನು ಸೇರುತ್ತಿದ್ದರೆಂಬುದನ್ನು ವಿಚಾರಿಸಬೇಕು. ಅಮೇರಿಕದ ಸಂಯುಕ್ತ ಸಂಸ್ಥಾನಗಳಲ್ಲಿನ ಸಮರ್ಟನ್ ಎಂಬ ಸಣ್ಣ ಊರಿನ ಶಾಲೆಗಳ ವೃತ್ತಾಂತವು ಈ ಮಾತಿಗೆ ಒಳ್ಳೆಯ ನಿದರ್ಶನವಾಗಿದೆ. ಆ ಊರಿನವರು ಮೊದಲು ಬೇಡಿದುದು ಮಕ್ಕಳನ್ನು ಕರೆದೊಯ್ಯಲು ಒಂದು ಬಸ್ಸನ್ನು ಮಾತ್ರ. ಆ ಬೇಡಿಕೆಯು ಏಳು ವರ್ಷಗಳಲ್ಲಿ ಬೆಳೆದು ಒಂದು ಮಹಾರಾಷ್ಟ್ರದ ಸಂವಿಧಾನದ ಅರ್ಥವನ್ನೇ ಬದಲಿಸುವುದಕ್ಕೆ ಕಾರಣವಾಯಿತು. ಆದರೂ ಆ ಊರಿನ ಮಕ್ಕಳು ಒಂದೇ ಪಾಠಶಾಲೆಯಲ್ಲಿ ಜೊತೆಯಾಗಿ ಕುಳಿತು ಓದುವ ಕಾಲವು ಮಾತ್ರ ಬಹುಮಟ್ಟಿಗೆ ಬಾರದೆಯೇ ಹೋಯಿತು. ಈ ಎರಡು ಸಂಗತಿಗಳನ್ನೂ ಒಟ್ಟಿಗೆ ನೋಡಿದರೆ ಮಾತ್ರ ಆ ಚರಿತ್ರೆಯ ತಾತ್ಪರ್ಯವು ಹೊಳೆಯುವುದು.

ಕಥೆಗೆ ಮೊದಲು ಆ ದೇಶದ ಶಾಲಾವ್ಯವಸ್ಥೆಯ ಬಗೆಯನ್ನು ಸ್ವಲ್ಪ ತಿಳಿಯುವುದು ಅವಶ್ಯ. ಅಮೇರಿಕದಲ್ಲಿ ಪ್ರಾಥಮಿಕ ಮತ್ತು ಪ್ರೌಢ ವಿದ್ಯಾಭ್ಯಾಸವು ಕೇಂದ್ರ ಸರಕಾರದ ಕೈಯಲ್ಲಿಲ್ಲ. ಅದು ಆಯಾ ಸಂಸ್ಥಾನದ ಹೊಣೆ. ಸಂಸ್ಥಾನವು ತನ್ನ ನೆಲವನ್ನು ಕೌಂಟಿಗಳೆಂಬ ಜಿಲ್ಲೆಗಳಾಗಿಯೂ, ಶಾಲೆಗಳ ಸಲುವಾಗಿ ಬೇರೆ ಚಿಕ್ಕ ವಿಭಾಗಗಳಾಗಿಯೂ ಹಂಚಿಕೊಟ್ಟಿರುತ್ತದೆ. ಈ ವಿಭಾಗವನ್ನು ನಾವು ಇಲ್ಲಿ ಶಾಲಾವಲಯವೆಂದು ಕರೆಯೋಣ. ಪ್ರತಿಯೊಂದು ವಲಯಕ್ಕೂ ಅಲ್ಲಿಯ ನಿವಾಸಿಗಳೇ ಆದ ಕೆಲವರು ಸದಸ್ಯರಾಗಿರುವ ಒಂದು ಶಾಲಾಮಂಡಳಿಯುಂಟು. ಉಪಾಧ್ಯಾಯರನ್ನು ನೇಮಿಸುವುದು, ಕಟ್ಟಡಗಳನ್ನು ಕಟ್ಟಿಸುವುದು, ಖರ್ಚನ್ನು ಗೊತ್ತುಪಡಿಸುವುದು ಇದರ ಅಧಿಕಾರ. ಹಣವು ಕೆಲಮಟ್ಟಿಗೆ ಸಂಸ್ಥಾನದ ಬೊಕ್ಕಸದಿಂದಲೂ, ಕೆಲಮಟ್ಟಿಗೆ ಆ ವಲಯದ ಹೊಲಮನೆಗಳ ಮೇಲಿನ ತೆರಿಗೆಯಿಂದಲೂ ಬರುತ್ತದೆ. ಊರಿನ ಶಾಲೆಯನ್ನು ಊರಿನವರೇ ನಡೆಸಬೇಕೆಂಬ ತತ್ವವು ಕೇಳುವುದಕ್ಕೆ ಎಷ್ಟೋ ಹಿತವಾಗಿದೆ; ಎಷ್ಟೋ ಕಡೆ ಅದರಿಂದ ಒಳ್ಳೆಯದೂ ಆಗಿದೆ. ಆದರೆ ‘ಊರಿನವರು’ ಎಂದರೆ ಯಾರು ಎಂಬ ಪ್ರಶ್ನೆಗೆ ಊರಿನೊಳಗೆ ಬಲವುಳ್ಳವರೇ ಉತ್ತರವನ್ನು ಹೇಳತೊಡಗಿದರೆ, ಅದೇ ತತ್ವವು ಉಳಿದವರ ಪಾಲಿಗೆ ಗೋಡೆಯಾಗಿ ನಿಲ್ಲುತ್ತದೆ.

ಸಮರ್ಟನ್ ಊರು ದಕ್ಷಿಣ ಕೆರೋಲೀನ ಸಂಸ್ಥಾನದ ಕ್ಲಾರೆಂಡನ್ ಕೌಂಟಿಯಲ್ಲಿದೆ. ರಾಜಧಾನಿಯಾದ ಕೊಲಂಬಿಯಕ್ಕೂ ಸಮುದ್ರತೀರದ ಚಾರ್ಲ್ಸ್‌ಟನ್ ನಗರಕ್ಕೂ ನಡುವಣ ತಗ್ಗುನಾಡು ಅದು. ಹತ್ತಿಯೂ ಹೊಗೆಸೊಪ್ಪೂ ಅಲ್ಲಿಯ ಮುಖ್ಯ ಬೆಳೆಗಳು. ಈ ಶತಮಾನದ ಹಿಂದಿನ ಶತಮಾನದ ನಡುಗಾಲದಲ್ಲಿ ಆ ಕೌಂಟಿಯ ಹತ್ತು ಮಂದಿಯಲ್ಲಿ ಏಳಕ್ಕೂ ಹೆಚ್ಚು ಮಂದಿ ಕರಿಯರು. ಗುಲಾಮರಾಗಿ ತಂದು ದುಡಿಸಿದವರ ಸಂತತಿ ಅವರದು. ೧೮೬೫ರಲ್ಲಿ ಗುಲಾಮಗಿರಿಯು ಹೋಯಿತಾದರೂ ನೆಲವು ಅವರದಾಗಲಿಲ್ಲ. ಬಹುಮಂದಿ ಬಿಳಿಯ ಒಡೆಯರ ಹೊಲಗಳನ್ನು ಪಾಲಿಗೆ ಮಾಡಿ, ಸುಗ್ಗಿಯ ಕಾಲಕ್ಕೆ ಸಾಲವನ್ನು ತೀರಿಸಿ ಮತ್ತೆ ಸಾಲವನ್ನು ಎತ್ತಿ ಜೀವಿಸುತ್ತಿದ್ದರು.

ಇಂಥವರಿಗೆ ವಿದ್ಯೆಯು ದೊರೆತ ರೀತಿಯನ್ನು ಕೆಲವೇ ಮಾತುಗಳಲ್ಲಿ ಹೇಳಬಹುದು. ೧೭೪೦ರಲ್ಲಿಯೇ ಆ ಪ್ರಾಂತದ ಶಾಸನವು ಗುಲಾಮರಿಗೆ ಬರೆಹವನ್ನು ಕಲಿಸುವುದನ್ನು ನಿಷೇಧಿಸಿದ್ದಿತು. ೧೮೩೪ರ ಶಾಸನವು ಓದನ್ನೂ ಆ ನಿಷೇಧಕ್ಕೆ ಸೇರಿಸಿತು. ಅಂತರ್ಯುದ್ಧವು ಮುಗಿದ ಮೇಲೆ, ೧೮೬೮ರಲ್ಲಿ, ಕರಿಯ ಪ್ರತಿನಿಧಿಗಳೂ ಸೇರಿ ರಚಿಸಿದ ಸಂಸ್ಥಾನದ ಸಂವಿಧಾನವು ಸಾರ್ವಜನಿಕ ಶಾಲೆಗಳು ಜನಾಂಗಭೇದವಿಲ್ಲದೆ ಎಲ್ಲ ಮಕ್ಕಳಿಗೂ ತೆರೆದಿರಬೇಕೆಂದು ವಿಧಿಸಿತು. ಕಾಗದದ ಮೇಲೆ ಆ ಮಾತು ಇದ್ದಿತಲ್ಲದೆ ನಡೆವಳಿಕೆಯಲ್ಲಿ ಶಾಲೆಗಳು ಬೇರೆ ಬೇರೆಯಾಗಿಯೇ ಬೆಳೆದುವು. ಬಿಳಿಯರ ಕೈಗೆ ಅಧಿಕಾರವು ಮರಳಿ ಬಂದ ಮೇಲೆ ೧೮೯೫ರಲ್ಲಿ ಹೊಸ ಸಂವಿಧಾನವಾಯಿತು. ಎರಡು ಜನಾಂಗಗಳಿಗೂ ಬೇರೆ ಬೇರೆ ಶಾಲೆಗಳಿರತಕ್ಕದ್ದೆಂದೂ, ಒಂದರ ಮಗುವು ಇನ್ನೊಂದರ ಶಾಲೆಯನ್ನು ಎಂದಿಗೂ ಸೇರಕೂಡದೆಂದೂ ಅದು ಕಟ್ಟುಮಾಡಿತು. ಅದೇ ಸಂವಿಧಾನವೇ ಕೌಂಟಿಗಳನ್ನು ಒಂಬತ್ತು ಚದರ ಮೈಲಿಗೆ ಕಡಿಮೆಯಿಲ್ಲದೆ, ನಲವತ್ತೊಂಬತ್ತು ಚದರ ಮೈಲಿಗೆ ಮೀರದೆ ಇರುವ ಶಾಲಾವಲಯಗಳಾಗಿ ಒಡೆಯಬೇಕೆಂದೂ ಹೇಳಿತು. ಮುಂದಿನ ವರ್ಷ, ೧೮೯೬ರಲ್ಲಿ, ರೈಲುಗಾಡಿಗೆ ಸಂಬಂಧಿಸಿದ ಪ್ಲೆಸ್ಸಿ ಎಂಬವರ ಮೊಕದ್ದಮೆಯಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯವು, ಸೌಕರ್ಯಗಳು ಸಮಾನವಾಗಿದ್ದರೆ ಪ್ರತ್ಯೇಕಿಸುವುದರಲ್ಲಿ ದೋಷವಿಲ್ಲವೆಂದು ತೀರ್ಮಾನಿಸಿತು. ‘ಪ್ರತ್ಯೇಕ, ಆದರೆ ಸಮಾನ’ ಎಂಬ ಸೂತ್ರವು ಹೀಗೆ ಹುಟ್ಟಿತು.

ಆ ಸಮಾನತೆಯು ಎಂಥದೆಂಬುದನ್ನು ಕ್ಲಾರೆಂಡನ್ ಕೌಂಟಿಯ ಲೆಕ್ಕದಿಂದಲೇ ನೋಡಬಹುದು. ೧೯೪೯-೫೦ನೆಯ ಶಾಲಾವರ್ಷದಲ್ಲಿ ೬,೫೩೧ ಕರಿಯ ಮಕ್ಕಳಿಗೆ ೬೧ ಶಾಲೆಗಳಿದ್ದುವು. ಅವುಗಳ ಕಟ್ಟಡಗಳಿಗೆಲ್ಲ ಸೇರಿ ಸರಕಾರಿ ಲೆಕ್ಕದಲ್ಲಿ ಕಟ್ಟಿದ ಬೆಲೆ ೧,೯೪,೫೭೫ ಡಾಲರು. ೨,೩೭೫ ಬಿಳಿಯ ಮಕ್ಕಳಿಗೆ ೧೨ ಶಾಲೆಗಳು. ಅವುಗಳ ಬೆಲೆ ೬,೭೩,೮೫೦ ಡಾಲರು. ಬಿಳಿಯ ಮಗುವೊಂದಕ್ಕೆ ಆ ವರ್ಷ ೧೭೯ ಡಾಲರು ಖರ್ಚಾದರೆ ಕರಿಯ ಮಗುವಿಗೆ ೪೩ ಡಾಲರು. ಸಮರ್ಟನ್ ಊರನ್ನೊಳಗೊಂಡ ವಲಯಕ್ಕೆ ಇಪ್ಪತ್ತೆರಡನೆಯ ನಂಬರಿನ ಶಾಲಾವಲಯವೆಂದು ಹೆಸರು. ಅಲ್ಲಿ ಬಿಳಿಯರಿಗೆ ಎರಡು ಶಾಲೆಗಳು. ಅವುಗಳಲ್ಲಿ ೧೯೩೬ರಲ್ಲಿ ಕಟ್ಟಿದ ಸಮರ್ಟನ್ ಹೈಸ್ಕೂಲು ಇಟ್ಟಿಗೆಯ ಒಳ್ಳೆಯ ಕಟ್ಟಡ. ಕರಿಯರಿಗೆ ಸ್ಕಾಟ್ಸ್ ಬ್ರಾಂಚ್, ಲಿಬರ್ಟಿ ಹಿಲ್, ರ‍್ಯಾಂಬೆ ಎಂಬ ಮೂರು ಶಾಲೆಗಳು. ಮಕ್ಕಳ ಸಂಖ್ಯೆಯಾದರೋ ಬಿಳಿಯರಿಗಿಂತ ಕರಿಯರದೇ ಎಷ್ಟೋ ಪಾಲು ಅಧಿಕ. ಆದರೂ ಆ ಶಾಲೆಗಳಲ್ಲಿ ನಲ್ಲಿಯ ನೀರಿಲ್ಲ, ಸಾಕಷ್ಟು ಬೆಳಕಿಲ್ಲ, ಶೌಚಕ್ಕೆ ಹೊರಗಿನ ಗುಂಡಿಗಳೇ ಗತಿ.

ಎಲ್ಲಕ್ಕಿಂತಲೂ ಕಣ್ಣಿಗೆ ಹೊಡೆಯುವ ಭೇದವು ದಾರಿಯಲ್ಲಿದ್ದಿತು. ಕೌಂಟಿಯಲ್ಲಿ ಬಿಳಿಯ ಮಕ್ಕಳನ್ನು ಶಾಲೆಗೆ ಕರೆದೊಯ್ಯಲು ಮೂವತ್ತು ಬಸ್ಸುಗಳು. ಕರಿಯ ಮಕ್ಕಳಿಗೆ ಒಂದೂ ಇಲ್ಲ. ಕೆಲವರು ಒಂಬತ್ತು ಮೈಲಿಗಳವರೆಗೂ ನಡೆಯಬೇಕಾಗಿದ್ದಿತು. ಹಿಂದಿನಿಂದ ಬಂದ ಬಸ್ಸು ಧೂಳನ್ನೆಬ್ಬಿಸಿ ಮುಂದೆ ಹೋಗುವುದು. ನಡೆಯುವ ಮಗುವು ರಸ್ತೆಯ ಅಂಚಿಗೆ ಸರಿದು ನಿಲ್ಲುವುದು. ಇದರ ಮೇಲೆ ಇನ್ನೊಂದು ತೊಂದರೆಯೂ ಸೇರಿತು. ೧೯೪೦ರ ದಶಕದ ಆರಂಭದಲ್ಲಿ ವಿದ್ಯುಚ್ಛಕ್ತಿಗಾಗಿ ಸ್ಯಾಂಟೀ ನದಿಗೆ ಅಣೆಕಟ್ಟನ್ನು ಕಟ್ಟಿದುದರಿಂದ ಮೇರಿಯನ್ ಸರೋವರವು ಉಂಟಾಗಿ, ಅದರ ನೀರು ಹಳೆಯ ದಾರಿಗಳನ್ನು ಮುಳುಗಿಸಿತು. ನೀರು ಏರಿದಾಗ ಕೆಲವು ಕರಿಯ ಮಕ್ಕಳು ದೋಣಿಯನ್ನು ನಡೆಸಿಕೊಂಡು ಶಾಲೆಗೆ ಹೋಗಬೇಕಾಯಿತು.

ತಂದೆತಾಯಿಗಳು ಶಾಲಾಮಂಡಳಿಯನ್ನು ಬೇಡಿದರು. ಮಂಡಳಿಯ ಅಧ್ಯಕ್ಷರು ಮರಕೊಯ್ಯುವ ಕಾರಖಾನೆಯ ಒಡೆಯರಾದ ಎಲಿಯಟ್ ಎಂಬವರು. ಕರಿಯರು ಕೊಡುವ ತೆರಿಗೆಯು ಅತ್ಯಲ್ಪ. ಅವರ ಮಕ್ಕಳ ಬಸ್ಸಿಗಾಗಿ ಬಿಳಿಯರ ಮೇಲೆ ಭಾರವನ್ನು ಹೊರಿಸುವುದು ನ್ಯಾಯವಲ್ಲ—ಇದು ಅವರಿಂದ ಬಂದ ಉತ್ತರದ ಸಾರಾಂಶ. ಆಗ ಆ ಬಡವರು ತಮ್ಮತಮ್ಮಲ್ಲಿಯೇ ಹಣವನ್ನು ಕೂಡಿಸಿ ಒಂದು ಹಳೆಯ ಬಸ್ಸನ್ನು ಕೊಂಡರು. ಅದು ನಡೆದ ದಿನಗಳಿಗಿಂತ ಕೆಟ್ಟು ನಿಂತ ದಿನಗಳೇ ಹೆಚ್ಚು. ಕಡೆಗೆ ಅದಕ್ಕೆ ಹಾಕುವ ಎಣ್ಣೆಯ ಖರ್ಚನ್ನಾದರೂ ಕೊಡಿರೆಂದು ಕೇಳಿದರು. ಅದೂ ದೊರೆಯಲಿಲ್ಲ.

ಇಲ್ಲಿ ಇಬ್ಬರು ಪುರುಷರ ಪರಿಚಯವಾಗಬೇಕು. ಒಬ್ಬರು ಜೋಸೆಫ್ ಆರ್ಮ್‌ಸ್ಟ್ರಾಂಗ್ ಡಿಲೇನ್. ಕರಿಯರದೇ ಆದ ಕ್ರೈಸ್ತ ಮಂಡಲಿಯೊಂದರ ಪಾದ್ರಿಗಳು, ಜೊತೆಗೆ ಉಪಾಧ್ಯಾಯರು. ಇನ್ನೊಬ್ಬರು ಲೀವೈ ಪಿಯರ್ಸನ್. ಸ್ವಂತ ನೆಲವುಳ್ಳ ರೈತರು, ಮಕ್ಕಳೊಂದಿಗರು. ೧೯೪೭ರ ಬೇಸಗೆಯಲ್ಲಿ ಡಿಲೇನರು ಕೊಲಂಬಿಯದಲ್ಲಿ ವಿದ್ಯಾಭ್ಯಾಸದ ವರ್ಗವೊಂದಕ್ಕೆ ಹೋಗಿದ್ದಾಗ, ವರ್ಣೀಯರ ಪ್ರಗತಿಗಾಗಿ ದುಡಿಯುವ ರಾಷ್ಟ್ರೀಯ ಸಂಘದ ಪ್ರಾಂತಾಧ್ಯಕ್ಷರಾದ ಜೇಮ್ಸ್ ಹಿಂಟನ್ನರು ಅಲ್ಲಿ ಭಾಷಣ ಮಾಡಿ, ಬಸ್ಸಿನ ವಿಷಯದಲ್ಲಿ ನ್ಯಾಯಾಲಯಕ್ಕೆ ಹೋಗುವ ಒಬ್ಬ ಫಿರ್ಯಾದಿಯನ್ನು ಒದಗಿಸುವ ಧೈರ್ಯವು ಈ ಪ್ರಾಂತದ ಯಾವ ಉಪಾಧ್ಯಾಯರಿಗೂ ಪಾದ್ರಿಗಳಿಗೂ ಇಲ್ಲವೆಂದು ಹೀಯಾಳಿಸಿದರು. ಆ ಮಾತು ಡಿಲೇನರಿಗೆ ನಾಟಿತು. ಅವರು ಊರಿಗೆ ಬಂದು ಪಿಯರ್ಸನ್ನರನ್ನು ಕಂಡರು. ಜುಲೈ ತಿಂಗಳಲ್ಲಿ ಅರ್ಜಿಯು ಹೋಯಿತು. ಉತ್ತರವಿಲ್ಲದೆ ಹೋದುದರಿಂದ ೧೯೪೮ರ ಮಾರ್ಚಿಯಲ್ಲಿ ದಾವೆಯು ದಾಖಲಾಯಿತು. ಸ್ಥಳೀಯ ವಕೀಲರು ಹೆರಲ್ಡ್ ಬೋಲ್‌ವೇರ್. ಅವರ ಬೆನ್ನಿಗೆ ಸಂಘದ ಪ್ರಸಿದ್ಧ ವಕೀಲರಾದ ಥರ್ಗುಡ್ ಮಾರ್ಷಲ್ಲರು.

ದಾವೆಯು ವಿಚಾರಣೆಗೇ ಬರಲಿಲ್ಲ. ಪಿಯರ್ಸನ್ನರ ಹೊಲವು ವಲಯಗಳ ಸರಹದ್ದಿನ ಮೇಲೆಯೇ ಇದ್ದಿತು. ಅವರು ತೆರಿಗೆ ಕೊಡುತ್ತಿದ್ದುದು ಐದನೆಯ ನಂಬರಿನ ವಲಯಕ್ಕೆ. ಮಕ್ಕಳು ಓದಲು ಹೋಗುತ್ತಿದ್ದುದು ಬೇರೆ ವಲಯದ ಶಾಲೆಗೆ. ಆದುದರಿಂದ ಅವರಿಗೆ ದಾವೆಯನ್ನು ಹೂಡುವ ಹಕ್ಕೇ ಇಲ್ಲವೆಂಬ ಆಕ್ಷೇಪವು ಬಂದು, ಜೂನ್ ತಿಂಗಳಲ್ಲಿ ಫಿರ್ಯಾದು ವಜಾ ಆಯಿತು. ನಕ್ಷೆಯಲ್ಲಿ ಎಂದೋ ಎಳೆದ ಒಂದು ಗೆರೆಯು ಒಂಬತ್ತು ಮೈಲಿ ನಡೆಯುವ ಮಕ್ಕಳ ಪ್ರಶ್ನೆಯನ್ನು ಕೇಳಿಸದಂತೆ ಮಾಡಿತು. ಪಿಯರ್ಸನ್ನರಿಗೆ ಮಾತ್ರ ದಂಡವು ತಪ್ಪಲಿಲ್ಲ. ಬಿಳಿಯ ವರ್ತಕರು ಬೀಜಗೊಬ್ಬರಗಳಿಗೆ ಸಾಲವನ್ನು ಕೊಡಲಿಲ್ಲ. ಸುಗ್ಗಿಯಲ್ಲಿ ಕಟಾವಿನ ಯಂತ್ರವನ್ನು ಯಾರೂ ಬಾಡಿಗೆಗೆ ಬಿಡಲಿಲ್ಲ. ಪೈರು ಹೊಲದಲ್ಲಿಯೇ ಹಾಳಾಯಿತು.

೧೯೪೯ರ ಮಾರ್ಚಿಯಲ್ಲಿ ಮಾರ್ಷಲ್ಲರು ಕ್ಲಾರೆಂಡನ್ನಿನ ಮುಖಂಡರನ್ನು ಕಂಡು ಒಂದು ಮಾತನ್ನು ಸ್ಪಷ್ಟಪಡಿಸಿದರು: ಇನ್ನು ಒಬ್ಬ ಫಿರ್ಯಾದಿಯನ್ನು ನಂಬಿ ಹೋರಾಡುವುದಿಲ್ಲ, ಒಂದೇ ವಲಯಕ್ಕೆ ಸೇರಿದ ಇಪ್ಪತ್ತು ಮಂದಿಯಾದರೂ ಕೊನೆಯವರೆಗೂ ನಿಲ್ಲುವೆವೆಂದು ಮುಂದೆ ಬರಬೇಕು, ಬೇಡಿಕೆಯೂ ಬಸ್ಸಿಗೆ ಮಾತ್ರ ನಿಲ್ಲದೆ ಕಟ್ಟಡ, ಉಪಾಧ್ಯಾಯರು, ಸಾಮಗ್ರಿ ಎಲ್ಲದರಲ್ಲಿಯೂ ಸಮಾನತೆಯನ್ನು ಕೇಳಬೇಕು. ಇಪ್ಪತ್ತು ಹೆಸರುಗಳು ಕೂಡಲು ಸುಮಾರು ಎಂಟು ತಿಂಗಳು ಹಿಡಿಯಿತು. ಎಂಟು ತಿಂಗಳಾಯಿತಲ್ಲಾ ಎಂದು ಇಂದು ನಾವು ಆಶ್ಚರ್ಯಪಡಬಾರದು. ರುಜು ಹಾಕುವ ಪ್ರತಿಯೊಬ್ಬರೂ ತಮ್ಮ ಮನೆಯ ಅನ್ನವನ್ನು ಪಣವಾಗಿಡುತ್ತಿದ್ದರು. ಕಡೆಗೆ ನವೆಂಬರು ತಿಂಗಳಲ್ಲಿ, ಮಕ್ಕಳ ಹೆಸರುಗಳೂ ಸೇರಿ ನೂರಕ್ಕೆ ಮಿಕ್ಕ ಹೆಸರುಗಳ ಅರ್ಜಿಯು ಸಿದ್ಧವಾಯಿತು. ಅಕ್ಷರಕ್ರಮದಲ್ಲಿ ಮೊದಲು ನಿಂತ ಹೆಸರು ಹ್ಯಾರಿ ಬ್ರಿಗ್ಸ್. ಅವರು ಎರಡನೆಯ ಮಹಾಯುದ್ಧದಲ್ಲಿ ನೌಕಾದಳದಲ್ಲಿದ್ದು ಬಂದವರು; ಊರಿನ ಪೆಟ್ರೋಲ್ ಅಂಗಡಿಯಲ್ಲಿ ಕೆಲಸಗಾರರು; ಐದು ಮಕ್ಕಳ ತಂದೆ. ಮಂಡಳಿಯ ಅಧ್ಯಕ್ಷರ ಹೆಸರೂ ಸೇರಿ ಆ ಮೊಕದ್ದಮೆಯು ‘ಬ್ರಿಗ್ಸ್ ವಿರುದ್ಧ ಎಲಿಯಟ್’ ಎಂದು ಚರಿತ್ರೆಯಲ್ಲಿ ನಿಂತಿತು.

ರುಜುವಿನ ಬೆಲೆಯು ಬೇಗನೆ ತಿಳಿದುಬಂದಿತು. ಕ್ರಿಸ್‌ಮಸ್ ಹಬ್ಬದ ಹಿಂದಿನ ದಿನ ಬ್ರಿಗ್ಸರ ಒಡೆಯನು ಅವರ ಕೈಗೆ ಒಂದು ಸಿಗರೇಟಿನ ಕಟ್ಟನ್ನು ಹಬ್ಬದ ಉಡುಗೊರೆಯಾಗಿ ಕೊಟ್ಟು ಕೆಲಸದಿಂದ ತೆಗೆದುಬಿಟ್ಟನು. ಅವರ ಪತ್ನಿ ಎಲೈಜಾ ಅವರು ಪ್ರಯಾಣಿಕರ ವಸತಿಗೃಹವೊಂದರಲ್ಲಿ ಕೆಲಸ ಮಾಡುತ್ತಿದ್ದರು; ಅರ್ಜಿಯಿಂದ ಹೆಸರನ್ನು ತೆಗೆಯಲೊಪ್ಪದೆ ಅವರೂ ಕೆಲಸವನ್ನು ಕಳೆದುಕೊಂಡರು. ಆನಿ ಗಿಬ್ಸನ್ ಎಂಬ ಇನ್ನೊಬ್ಬ ತಾಯಿಗೂ ಇದೇ ಗತಿಯಾಯಿತು. ಆಕೆಯ ಗಂಡನ ಮನೆಯವರು ಬಹುಕಾಲದಿಂದ ಪಾಲಿಗೆ ಮಾಡಿಕೊಂಡಿದ್ದ ನೆಲವನ್ನು ಬಿಟ್ಟು ಹೊರಡಬೇಕಾಯಿತು. ಡಿಲೇನರೂ ಅವರ ಪತ್ನಿಯೂ ಉಪಾಧ್ಯಾಯ ವೃತ್ತಿಯಿಂದ ತೆಗೆಯಲ್ಪಟ್ಟರು. ಇವರಲ್ಲಿ ಯಾರೂ ಕಾನೂನನ್ನು ಮುರಿದಿರಲಿಲ್ಲ. ತಮ್ಮ ವಲಯದ ಮಂಡಳಿಗೆ ಒಂದು ಅರ್ಜಿಯನ್ನು ಬರೆದುಕೊಂಡಿದ್ದರು, ಅಷ್ಟೆ.

೧೯೫೦ರಲ್ಲಿ ದಾವೆಯು ಚಾರ್ಲ್ಸ್‌ಟನ್ ನಗರದ ಕೇಂದ್ರ ಸರಕಾರದ ನ್ಯಾಯಾಲಯಕ್ಕೆ ಬಂದಿತು. ಅಲ್ಲಿಯ ನ್ಯಾಯಾಧೀಶರು ವೇಟೀಸ್ ವೇರಿಂಗರು. ಆ ನಗರದ ಹಳೆಯ ಕುಲೀನ ಮನೆತನದವರು. ಗುಲಾಮಗಿರಿಯ ಪಕ್ಷದಲ್ಲಿ ಯುದ್ಧಮಾಡಿದವರೊಬ್ಬರ ಮಗ. ಅಂಥವರೇ ೧೯೪೭ರಲ್ಲಿ ಡೆಮೊಕ್ರಾಟಿಕ್ ಪಕ್ಷದ ಪ್ರಾಥಮಿಕ ಚುನಾವಣೆಯನ್ನು ಕರಿಯರಿಗೆ ತೆರೆಯಿಸಿದ ತೀರ್ಪನ್ನು ಕೊಟ್ಟು ತಮ್ಮವರ ದ್ವೇಷಕ್ಕೆ ಗುರಿಯಾಗಿದ್ದರು. ನವೆಂಬರು ತಿಂಗಳಲ್ಲಿ ಅವರು ಮಾರ್ಷಲ್ಲರಿಗೆ, ಸಮಾನ ಸೌಕರ್ಯವನ್ನು ಮಾತ್ರ ಕೇಳುವುದನ್ನು ಬಿಟ್ಟು, ಪ್ರತ್ಯೇಕಿಸುವುದೇ ಸಂವಿಧಾನಕ್ಕೆ ವಿರುದ್ಧವೆಂದು ನೇರವಾಗಿ ದಾವೆಯನ್ನು ಹೊಸದಾಗಿ ತರುವಂತೆ ಸೂಚಿಸಿದರು. ಮಾರ್ಷಲ್ಲರಿಗೆ ಇದು ಆಗಲೇ ಬೇಕೆನಿಸಿರಲಿಲ್ಲವಾದರೂ ಒಪ್ಪಿದರು. ಬಸ್ಸಿನ ಪ್ರಶ್ನೆಯು ಸಮಾನತೆಯ ಪ್ರಶ್ನೆಯಾಗಿದ್ದಿತು. ಈಗ ಬೇರ್ಪಡಿಸುವ ಹಕ್ಕು ಸರಕಾರಕ್ಕೆ ಇದೆಯೆ ಎಂಬ ಮೂಲಪ್ರಶ್ನೆಯೇ ಆಯಿತು.

೧೯೫೧ರ ಮೇ ೨೮ರಂದು ಮೂವರು ನ್ಯಾಯಾಧೀಶರ ಮುಂದೆ ವಿಚಾರಣೆಯು ಆರಂಭವಾಯಿತು. ಕ್ಲಾರೆಂಡನ್ನಿನಿಂದ ರೈತರು ಮೋಟಾರುಗಳಲ್ಲಿ ಸಾಲುಗಟ್ಟಿ ಬಂದು ನ್ಯಾಯಾಲಯದ ಮೆಟ್ಟಿಲುಗಳ ಮೇಲೂ ಓಣಿಯಲ್ಲಿಯೂ ತುಂಬಿದರು. ಪ್ರತಿಪಕ್ಷದ ವಕೀಲರಾದ ರಾಬರ್ಟ್ ಫಿಗ್ಗರು ಆರಂಭದಲ್ಲಿಯೇ ಎದ್ದು, ಶಾಲೆಗಳು ಸಮಾನವಾಗಿಲ್ಲವೆಂಬುದನ್ನು ಒಪ್ಪಿಕೊಂಡು, ಸರಿಪಡಿಸಲು ಅವಕಾಶವನ್ನು ಬೇಡಿದರು. ಇದು ಜಾಣತನದ ನಡೆ. ಮುರುಕು ಶಾಲೆಗಳ ಸಾಕ್ಷ್ಯವೆಲ್ಲವೂ ಇದರಿಂದ ಅನಾವಶ್ಯಕವಾಗುವಂತಿದ್ದಿತು. ಆದರೆ ಮಾರ್ಷಲ್ಲರ ಕೈಯಲ್ಲಿ ಬೇರೆ ಬಗೆಯ ಸಾಕ್ಷ್ಯವೂ ಇದ್ದಿತು. ಮನಶ್ಶಾಸ್ತ್ರಜ್ಞರಾದ ಕೆನೆತ್ ಕ್ಲಾರ್ಕರು ಕ್ಲಾರೆಂಡನ್ನಿನ ಹದಿನಾರು ಕರಿಯ ಮಕ್ಕಳಿಗೆ ಬಣ್ಣವೊಂದನ್ನುಳಿದು ಎಲ್ಲ ವಿಧದಲ್ಲಿಯೂ ಒಂದೇ ಆದ ಕಂದು ಮತ್ತು ಬಿಳಿಯ ಗೊಂಬೆಗಳನ್ನು ತೋರಿಸಿ ಪ್ರಶ್ನೆಗಳನ್ನು ಕೇಳಿದ್ದರು. ಹತ್ತು ಮಕ್ಕಳು ಬಿಳಿಯ ಗೊಂಬೆಯೇ ಒಳ್ಳೆಯದೆಂದುವು. ಹನ್ನೊಂದು ಮಕ್ಕಳು ಕಂದು ಗೊಂಬೆಯು ಕೆಟ್ಟದ್ದಾಗಿ ಕಾಣುತ್ತದೆಂದುವು. ಆಮೇಲೆ, ನಿನ್ನನ್ನು ಹೋಲುವ ಗೊಂಬೆ ಯಾವುದು ಎಂಬ ಪ್ರಶ್ನೆಯು ಬರುತ್ತಿದ್ದಿತು. ಆ ಪರೀಕ್ಷೆಯ ವಿಧಾನವನ್ನು ಕುರಿತು ಪಂಡಿತರು ಆಮೇಲೆ ಬಹಳ ಚರ್ಚೆಮಾಡಿದ್ದಾರೆ. ಹದಿನಾರು ಮಕ್ಕಳ ಉತ್ತರದಿಂದ ಶಾಸ್ತ್ರಸಿದ್ಧಾಂತವನ್ನು ಮಾಡಲಾಗದೆಂಬುದು ನಿಜವೇ. ಆದರೆ ಮಗುವು ಶಾಲೆಯಲ್ಲಿ ಪುಸ್ತಕದಿಂದ ಮಾತ್ರ ಕಲಿಯುವುದಿಲ್ಲ, ತನ್ನನ್ನು ಕುಳ್ಳಿರಿಸಿದ ಸ್ಥಳದಿಂದಲೂ ಕಲಿಯುತ್ತದೆ ಎಂಬ ವಿಚಾರವು ನ್ಯಾಯಾಲಯದ ಮುಂದೆ ಆಗ ಬಂದಿತು.

ಜೂನ್ ೨೩ರಂದು ತೀರ್ಪಾಯಿತು. ಪಾರ್ಕರ್, ಟಿಮ್ಮರ್ಮನ್ ಎಂಬ ಇಬ್ಬರು ನ್ಯಾಯಾಧೀಶರು ಪ್ರತ್ಯೇಕ ಶಾಲೆಗಳಲ್ಲಿ ದೋಷವಿಲ್ಲವೆಂದೂ, ಆದರೆ ಸೌಕರ್ಯಗಳನ್ನು ಬೇಗನೆ ಸಮಾನಗೊಳಿಸಬೇಕೆಂದೂ ಆಜ್ಞೆಮಾಡಿದರು. ವೇರಿಂಗರು ಒಬ್ಬರೇ ಭಿನ್ನಾಭಿಪ್ರಾಯವನ್ನು ಬರೆದರು. ಬೇರ್ಪಡಿಸುವುದೇ ಅಸಮಾನತೆಯೆಂಬುದು ಅವರ ಸಿದ್ಧಾಂತ. ಮುಂದಿನ ವರ್ಷ ಅವರು ನ್ಯಾಯಾಧೀಶ ಪದವಿಯಿಂದ ನಿವೃತ್ತರಾಗಿ, ಹುಟ್ಟೂರನ್ನು ಬಿಟ್ಟು ನ್ಯೂಯಾರ್ಕಿಗೆ ಹೋಗಿ ನೆಲೆಸಿದರು.

ಸಂಸ್ಥಾನದ ಗವರ್ನರರಾದ ಜೇಮ್ಸ್ ಬರ್ನ್ಸರು ಈ ನಡುವೆ ಕೈಕಟ್ಟಿ ಕುಳಿತಿರಲಿಲ್ಲ. ಪ್ರತ್ಯೇಕತೆಯನ್ನು ಉಳಿಸಿಕೊಳ್ಳಬೇಕಾದರೆ ಸಮಾನತೆಯನ್ನು ಕೊಂಡುಕೊಳ್ಳಲೇಬೇಕೆಂದು ಅವರು ಅರಿತರು. ೧೯೫೧ರಲ್ಲಿ ಮಾರಾಟದ ಮೇಲೆ ನೂರಕ್ಕೆ ಮೂರರ ತೆರಿಗೆಯನ್ನು ಹಾಕಿಸಿ, ಏಳೂವರೆ ಕೋಟಿ ಡಾಲರುಗಳ ಸಾಲಪತ್ರಗಳಿಗೆ ಅಧಿಕಾರವನ್ನು ಪಡೆದು, ಕರಿಯ ಮಕ್ಕಳಿಗೆ ಹೊಸ ಕಟ್ಟಡಗಳನ್ನು ಎಬ್ಬಿಸಿದರು. ಕ್ಲಾರೆಂಡನ್ನಿನಲ್ಲಿ ಚೂರುಚೂರಾಗಿದ್ದ ವಲಯಗಳನ್ನು ಕೂಡಿಸಿ ಮೂರನ್ನಾಗಿ ಮಾಡಲಾಯಿತು. ಸಮರ್ಟನ್ ಒಂದನೆಯ ನಂಬರಿನ ವಲಯಕ್ಕೆ ಸೇರಿತು. ಸ್ಕಾಟ್ಸ್ ಬ್ರಾಂಚಿಗೆ ಇಟ್ಟಿಗೆಯ ಕಟ್ಟಡವು ಬಂದಿತು, ಬಸ್ಸುಗಳೂ ಬಂದುವು. ಎಂಬತ್ತೈದು ವರ್ಷಗಳ ಬೇಡಿಕೆಗೆ ಓಗೊಡದ ಬೊಕ್ಕಸವು ಒಂದು ಮೊಕದ್ದಮೆಯ ಭಯಕ್ಕೆ ಬಾಯಿತೆರೆಯಿತು.

ಮೇಲ್ಮನವಿಯು ಸರ್ವೋಚ್ಚ ನ್ಯಾಯಾಲಯವನ್ನು ಸೇರಿತು. ಕಾನ್ಸಾಸ್, ವರ್ಜೀನಿಯ, ಡೆಲವೇರ್ ಸಂಸ್ಥಾನಗಳಿಂದ ಬಂದ ಇಂಥವೇ ಮೊಕದ್ದಮೆಗಳನ್ನು ಅದರೊಡನೆ ಕೂಡಿಸಿ ವಿಚಾರಿಸಿದರು. ಇವುಗಳಲ್ಲೆಲ್ಲ ಮೊದಲು ಆ ನ್ಯಾಯಾಲಯವನ್ನು ಮುಟ್ಟಿದುದು ಸಮರ್ಟನ್ನಿನದು. ಆದರೆ ಪಟ್ಟಿಯಲ್ಲಿ ಕಾನ್ಸಾಸಿನ ಬ್ರೌನ್ ಎಂಬವರ ಹೆಸರು ಮುಂದೆ ಬಂದುದರಿಂದ, ಜಗತ್ತು ಆ ತೀರ್ಪನ್ನು ಇಂದಿಗೂ ಅವರ ಹೆಸರಿನಿಂದಲೇ ಕರೆಯುತ್ತದೆ. ೧೯೨೪ರಲ್ಲಿ ರಾಷ್ಟ್ರಾಧ್ಯಕ್ಷ ಪದವಿಗೆ ನಿಂತಿದ್ದ ಜಾನ್ ಡೇವಿಸರಂಥ ಮಹಾವಕೀಲರು ದಕ್ಷಿಣ ಕೆರೋಲೀನದ ಪರವಾಗಿ ವಾದಿಸಿದರು. ೧೯೫೪ರ ಮೇ ೧೭ರಂದು ಮುಖ್ಯ ನ್ಯಾಯಾಧೀಶರಾದ ಅರ್ಲ್ ವಾರನ್ನರು, ಒಂಬತ್ತು ಮಂದಿಯೂ ಏಕಮತದಿಂದ ಒಪ್ಪಿದ ತೀರ್ಪನ್ನು ಓದಿದರು. ಸಾರ್ವಜನಿಕ ವಿದ್ಯಾಭ್ಯಾಸದಲ್ಲಿ ‘ಪ್ರತ್ಯೇಕ, ಆದರೆ ಸಮಾನ’ ಎಂಬ ಸೂತ್ರಕ್ಕೆ ಸ್ಥಳವಿಲ್ಲವೆಂದು ಅಲ್ಲಿ ಸ್ಥಿರವಾಯಿತು. ವೇರಿಂಗರು ಒಂಟಿಯಾಗಿ ಬರೆದುದು ಮೂರು ವರ್ಷಗಳಲ್ಲಿ ದೇಶದ ಕಾನೂನಾಯಿತು.

ಚರಿತ್ರೆಯ ಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೆ ಅಧ್ಯಾಯವನ್ನು ಮುಗಿಸುತ್ತವೆ. ಸಮರ್ಟನ್ನಿನ ಜನರಿಗೆ ಮಾತ್ರ ಅದು ಮುಗಿಯಲಿಲ್ಲ. ೧೯೫೫ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಕಾರ್ಯವನ್ನು ‘ವಿವೇಚನೆಯೊಡಗೂಡಿದ ವೇಗದಿಂದ’ ನಡೆಸಬೇಕೆಂದು ಹೇಳಿತು. ವಿವೇಚನೆಯೆಂಬುದು ವೇಗವನ್ನು ನುಂಗಿಹಾಕಿತು. ಅದೇ ಜುಲೈ ತಿಂಗಳಲ್ಲಿ ಮೊಕದ್ದಮೆಯು ಕೆಳಗಿನ ನ್ಯಾಯಾಲಯಕ್ಕೆ ಮರಳಿ ಬಂದಾಗ, ಸಂವಿಧಾನವು ಭೇದಮಾಡುವುದನ್ನು ನಿಷೇಧಿಸುತ್ತದೆಯೇ ಹೊರತು ಎರಡು ಜನಾಂಗಗಳನ್ನು ಕೂಡಿಸಬೇಕೆಂದು ಕಡ್ಡಾಯಮಾಡುವುದಿಲ್ಲವೆಂಬ ವ್ಯಾಖ್ಯಾನವು ಹೊರಟಿತು. ಈ ಒಂದು ಮಾತನ್ನು ಆಶ್ರಯಿಸಿ ದಕ್ಷಿಣ ಪ್ರಾಂತಗಳೆಲ್ಲ ಹತ್ತಾರು ವರ್ಷ ಕಾಲಹರಣ ಮಾಡಿದುವು. ದಕ್ಷಿಣ ಕೆರೋಲೀನವಾದರೋ ೧೯೫೨ರಲ್ಲಿಯೇ, ಸಾರ್ವಜನಿಕ ಶಾಲೆಗಳನ್ನು ನಡೆಸಬೇಕೆಂಬ ವಿಧಿಯನ್ನು ಸಂವಿಧಾನದಿಂದ ತೆಗೆಯಲು ಜನರ ಮತವನ್ನು ಪಡೆದಿದ್ದಿತು. ೧೯೫೫ರಲ್ಲಿ ಕಡ್ಡಾಯ ಹಾಜರಿಯ ಕಾನೂನನ್ನೂ ರದ್ದುಮಾಡಿತು. ಎಲ್ಲರೂ ಕೂಡಿ ಓದುವ ಶಾಲೆಗಿಂತ ಶಾಲೆಯೇ ಇಲ್ಲದಿರುವುದು ಲೇಸೆಂಬ ಹಟವು ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ಇದು ಸಾಕ್ಷಿ.

ಡಿಲೇನರಿಗಾದ ಗತಿಯನ್ನು ಇಲ್ಲಿ ಹೇಳಬೇಕು. ೧೯೫೧ರ ಅಕ್ಟೋಬರಿನಲ್ಲಿ ಸಮರ್ಟನ್ನಿನಲ್ಲಿದ್ದ ಅವರ ಮನೆಯು ಬೆಂಕಿಗೆ ಆಹುತಿಯಾಯಿತು. ಬೆಂಕಿಯಾರಿಸುವ ದಳವು ಬಂದಿದ್ದಿತು; ಆದರೆ ಆ ಮನೆಯು ಪಟ್ಟಣದ ಎಲ್ಲೆಗೆ ಸ್ವಲ್ಪ ಹೊರಗಿದೆಯೆಂದು ನೋಡುತ್ತ ನಿಂತಿತು. ಪಿಯರ್ಸನ್ನರ ದಾವೆಯನ್ನು ಹೊರಗೆ ಹಾಕಿದಂಥದೇ ಒಂದು ಗೆರೆ! ಅವರ ಮಂಡಲಿಯು ಅವರನ್ನು ಲೇಕ್ ಸಿಟಿ ಎಂಬ ಊರಿಗೆ ವರ್ಗಮಾಡಿತು. ೧೯೫೫ರ ಅಕ್ಟೋಬರಿನಲ್ಲಿ ಅಲ್ಲಿಯ ಅವರ ಚರ್ಚನ್ನು ಸುಟ್ಟರು. ಕೆಲವೇ ದಿನಗಳಲ್ಲಿ ರಾತ್ರಿ ಮನೆಯ ಮೇಲೆ ಗುಂಡು ಹಾರಿಸಿದರು. ಡಿಲೇನರು ಬಂದವರ ಮೋಟಾರಿಗೆ ಗುರುತು ಬೀಳಲೆಂದು ತಾವೂ ಗುಂಡು ಹಾರಿಸಿ, ಆ ರಾತ್ರಿಯೇ ಊರನ್ನು ಬಿಟ್ಟು ನ್ಯೂಯಾರ್ಕಿಗೆ ಹೋದರು. ಬಂಧನದ ವಾರಂಟು ಹೊರಟುದು ಅವರ ಮೇಲೆಯೇ. ಅವರು ೧೯೭೪ರಲ್ಲಿ ನೆರೆಯ ಉತ್ತರ ಕೆರೋಲೀನದಲ್ಲಿ ತೀರಿಕೊಂಡರು. ಆ ಆರೋಪವು ರದ್ದಾದುದು ೨೦೦೦ದಲ್ಲಿ. ಹ್ಯಾರಿ ಬ್ರಿಗ್ಸರೂ ಊರಿನಲ್ಲಿ ಕೆಲಸ ಸಿಕ್ಕದೆ ದೂರದ ಫ್ಲಾರಿಡಕ್ಕೆ ಹೋಗಿ ದುಡಿಯಬೇಕಾಯಿತು.

ಸಮರ್ಟನ್ನಿನ ಬಿಳಿಯರ ಶಾಲೆಯನ್ನು ಕೆಲವು ಕರಿಯ ಮಕ್ಕಳು ಮೊದಲ ಬಾರಿಗೆ ಪ್ರವೇಶಿಸಿದುದು ೧೯೬೫ರಲ್ಲಿ. ಅದೂ ೧೯೬೦ರಲ್ಲಿ ಹೂಡಿದ ಮತ್ತೊಂದು ದಾವೆಯ ಫಲವಾಗಿ. ಅದೇ ೧೯೬೫ರಲ್ಲಿ ಊರಿನ ಬಿಳಿಯರು ತಮ್ಮ ಮಕ್ಕಳಿಗಾಗಿ ಒಂದು ಖಾಸಗಿ ಶಾಲೆಯನ್ನು ತೆರೆದುಕೊಂಡರು. ೧೯೭೦ರಲ್ಲಿ ಮೇಲಿನ ನ್ಯಾಯಾಲಯವು ಪೂರ್ಣ ಏಕೀಕರಣವನ್ನು ವಿಧಿಸಿದಾಗ ಬಿಳಿಯ ಮಕ್ಕಳು ಸಾರ್ವಜನಿಕ ಶಾಲೆಯನ್ನು ಬಹುಮಟ್ಟಿಗೆ ಬಿಟ್ಟೇಹೋದರು. ಬಾಗಿಲನ್ನು ತೆರೆಸಿದ ದಿನವೇ ಒಳಗಿದ್ದವರು ಹಿಂಬಾಗಿಲಿನಿಂದ ಹೊರಟುಹೋದಂತಾಯಿತು. ಶಾಲಾಮಂಡಳಿಯ ಆಡಳಿತವು ಕಾಲಕ್ರಮದಲ್ಲಿ ಕರಿಯರ ಕೈಗೂ ಬಂದಿತು. ಆದರೆ ಹಣವುಳ್ಳವರ ಮಕ್ಕಳು ಇಲ್ಲದ ಶಾಲೆಗೆ ತೆರಿಗೆಯನ್ನು ಹೆಚ್ಚಿಸಿಕೊಳ್ಳಲು ಹಣವುಳ್ಳವರು ಒಪ್ಪುವುದು ಎಲ್ಲಿಯೂ ಅಪರೂಪ. ಇತ್ತೀಚಿನ ವರ್ಷಗಳಲ್ಲಿ ಕ್ಲಾರೆಂಡನ್ನಿನ ಮೂರು ವಲಯಗಳೂ ಕೂಡಿ ಇಡೀ ಕೌಂಟಿಗೆ ಒಂದೇ ಶಾಲಾವಲಯವಾಗಿದೆ.

ಮೊಕದ್ದಮೆಗೆ ಸಂಬಂಧಿಸಿದ ಐದು ಶಾಲೆಗಳ ಕಟ್ಟಡಗಳಲ್ಲಿ ಉಳಿದಿರುವುದು ಬಿಳಿಯರದಾಗಿದ್ದ ಹೈಸ್ಕೂಲಿನದೊಂದೇ. ೧೯೯೪ರಲ್ಲಿ ಅದನ್ನು ರಾಷ್ಟ್ರದ ಚಾರಿತ್ರಿಕ ಸ್ಥಳಗಳ ಪಟ್ಟಿಗೆ ಸೇರಿಸಿದರು. ೨೦೦೪ರಲ್ಲಿ ಡಿಲೇನ್, ಪಿಯರ್ಸನ್, ಬ್ರಿಗ್ಸ್ ದಂಪತಿಗಳು ಇವರಿಗೆ ಮರಣೋತ್ತರವಾಗಿ ಅಮೇರಿಕದ ಶಾಸನಸಭೆಯ ಸುವರ್ಣಪದಕವು ಸಂದಿತು. ೨೦೨೨ರ ಶಾಸನವು ಆ ಹೈಸ್ಕೂಲನ್ನೂ ಸ್ಕಾಟ್ಸ್ ಬ್ರಾಂಚನ್ನೂ ಬ್ರೌನ್ ತೀರ್ಪಿನ ರಾಷ್ಟ್ರೀಯ ಸ್ಮಾರಕದಲ್ಲಿ ಸೇರಿಸಿತು. ಸ್ಮಾರಕಗಳಿಗೆ ಕಡಿಮೆಯಿಲ್ಲ.

ಈ ವೃತ್ತಾಂತವನ್ನು ಓದುವ ಕನ್ನಡಿಗರು ಇದು ದೂರದ ದೇಶದ ಮಾತೆಂದು ನಿರಾಳವಾಗಿರುವಂತಿಲ್ಲ. ಸಮರ್ಟನ್ನಿನ ಅರ್ಜಿಗೆ ತೊಂಬತ್ತು ವರ್ಷಗಳಷ್ಟು ಹಿಂದೆ, ೧೮೫೬ರಲ್ಲಿ, ನಮ್ಮ ಧಾರವಾಡದ ಸರಕಾರಿ ಶಾಲೆಯಲ್ಲಿ ಮಹಾರ ಜಾತಿಯ ಹುಡುಗನೊಬ್ಬನಿಗೆ ಪ್ರವೇಶವು ದೊರೆಯದೆ, ಅವನು ಮುಂಬಯಿ ಸರಕಾರಕ್ಕೆ ಅರ್ಜಿಯನ್ನು ಬರೆದುಕೊಂಡನು. ಒಬ್ಬನ ಸಲುವಾಗಿ ಉಳಿದವರೆಲ್ಲ ಶಾಲೆಯನ್ನು ಬಿಟ್ಟಾರೆಂದು ಅಂಜಿ ಮುಂಬಯಿ ಸರಕಾರವು ಅವನ ಕೈಬಿಟ್ಟಿತು. ವಿಷಯವು ಕಲ್ಕತ್ತೆಗೂ ಅಲ್ಲಿಂದ ಲಂಡನ್ನಿಗೂ ಹೋಗಿ, ಸರಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಜಾತಿಯ ಕಾರಣದಿಂದ ಯಾವ ಹುಡುಗನನ್ನೂ ನಿರಾಕರಿಸಕೂಡದೆಂಬ ತತ್ವವು ಒಪ್ಪಿತವಾಯಿತು. ತತ್ವವು ಒಪ್ಪಿತವಾದ ಮೇಲೂ ಶಾಲೆಯ ಜಗಲಿಯ ಮೇಲೆ, ಕಿಟಕಿಯ ಹೊರಗೆ ಕುಳಿತು ಪಾಠವನ್ನು ಕೇಳಿದ ಮಕ್ಕಳ ನೆನಪು ನಮ್ಮ ಹಿರಿಯರಿಗೆ ಇದ್ದಿತು.

ಈ ಚರಿತ್ರೆಯಿಂದ ನ್ಯಾಯಾಲಯಗಳು ನಿರರ್ಥಕವೆಂದು ಎಣಿಸುವುದು ತಪ್ಪು. ನ್ಯಾಯಾಲಯವಿಲ್ಲದಿದ್ದರೆ ಸ್ಕಾಟ್ಸ್ ಬ್ರಾಂಚಿನ ಮಕ್ಕಳಿಗೆ ಬಸ್ಸೂ ಬರುತ್ತಿರಲಿಲ್ಲ, ನೀರೂ ಬರುತ್ತಿರಲಿಲ್ಲ. ಆ ದೇಶದ ಕೋಟ್ಯಂತರ ಮಕ್ಕಳಿಗೆ ಸಂವಿಧಾನದ ಆಶ್ರಯವೂ ದೊರೆಯುತ್ತಿರಲಿಲ್ಲ. ಆದರೆ ಕಾನೂನು ಮಾಡಬಲ್ಲುದು ಬಾಗಿಲನ್ನು ತೆರೆಯುವುದನ್ನು. ಒಳಗೆ ಕೂಡಿ ಕುಳಿತುಕೊಳ್ಳುವ ಕೆಲಸವು ನೆರೆಹೊರೆಯವರದು. ತಮ್ಮ ಮಗುವಿಗೆ ಬೇಕಾದುದನ್ನು ನೆರೆಯ ಮಗುವಿಗೂ ಬೇಕೆಂದು ಬಯಸುವವರು ಇರುವ ಕಡೆ ಮಾತ್ರ ಶಾಲೆಯು ಸಾರ್ವಜನಿಕವಾಗುವುದು. ನಮ್ಮ ಊರುಗಳಲ್ಲಿಯೂ ಅನುಕೂಲವುಳ್ಳವರು ತಮ್ಮ ಮಕ್ಕಳನ್ನು ಸರಕಾರಿ ಶಾಲೆಯಿಂದ ಬಿಡಿಸಿ ಬೇರೆಡೆಗೆ ಕಳುಹಿಸುತ್ತಿದ್ದಾರೆ. ಅದಕ್ಕೆ ಅವರವರ ಕಾರಣಗಳಿರಬಹುದು. ಆದರೆ ಆ ಶಾಲೆಯಲ್ಲಿ ಉಳಿದ ಮಕ್ಕಳ ಪರವಾಗಿ ಇನ್ನು ಅರ್ಜಿಯನ್ನು ಬರೆಯುವವರು ಯಾರು, ರುಜು ಹಾಕುವವರು ಯಾರು ಎಂಬುದನ್ನು ವಿದ್ಯಾವಂತ ಮನೆಗಳವರಾದ ನಾವು ಒಂದು ಗಳಿಗೆಯಾದರೂ ಯೋಚಿಸಬೇಕಾಗಿದೆ.